ಗುಡಾಣದೊಳಗಿನ ಹಿರಿಯರು

ಪೊಲೀಸಿನವನು ಮನೆಯನ್ನೆಲ್ಲ ತಡಕಾಡಲೇ ಇಲ್ಲ. ಬೂಟು ಕಳಚದೆ ನೇರ ಅಡುಗೆಮನೆಗೆ ನುಗ್ಗಿ, ಅಕ್ಕಿಯ ಗುಡಾಣಕ್ಕೆ ಮೊಳಕೈವರೆಗೆ ಕೈ ಹಾಕಿ, ಲಿಯಾವ್ ಮನೆತನದ ಹಿರಿಯರ ಹೆಸರು ಕೆತ್ತಿ ಪೂಜಿಸುತ್ತಿದ್ದ ಹಲಗೆಗಳನ್ನು ಹೊರಗೆಳೆದ. ಅಂಗಳದಲ್ಲೇ ಸುಟ್ಟ. ಹೋಗುವಾಗ ಆ ಮನೆಯ ಮಗ ಬುನ್‌ಲಿಯಾಂಗನ ಭುಜ ತಟ್ಟಿ, "ಕಥೆ ತುಂಬ ಸಹಜವಾಗಿದೆ, ಮೇಷ್ಟ್ರೇ," ಎಂದ. ಜಪಾನಿಯಲ್ಲಿ ಹೇಳಿದ್ದರಿಂದ ತಾಯಿಗೆ ತಿಳಿಯಲಿಲ್ಲ.

ಬುನ್‌ಲಿಯಾಂಗ್ ಹುಟ್ಟುವ ಮೊದಲೇ ತೈವಾನ್ ಜಪಾನಿನ ಕೈಸೇರಿತ್ತು. ಅವನು ಶಾಲೆಯಲ್ಲಿ ಕಲಿತದ್ದೂ ಈಗ ಕಲಿಸುತ್ತಿದ್ದುದೂ ಆಳುವವರ ಭಾಷೆಯನ್ನೇ. ಹಿರಿಯರ ಹಲಗೆ ಸುಟ್ಟು ಜಪಾನಿನ ದೇವರನ್ನು ಕೂರಿಸಬೇಕೆಂಬ ಹುಕುಂ ಬಂದಾಗ ತಾಯಿ ಹಲಗೆಗಳನ್ನು ಅಕ್ಕಿಯಲ್ಲಿ ಹುದುಗಿಸಿದಳು. ಮಗ ಅದನ್ನೇ ಕಥೆ ಮಾಡಿದ. ಮೂಢ ಮುದುಕಿ, ತಿಳಿವಳಿಕಸ್ಥ ಮಗ. ರಾಜಧಾನಿಯ ಪತ್ರಿಕೆ ಬಹುಮಾನ ಕೊಟ್ಟಿತು. ಎಲ್ಲರೂ ಮೆಚ್ಚಿದ್ದು ಆ ಗುಡಾಣವನ್ನೇ. ಹೊಗಳಿಕೆಯ ಹೊನ್ನಶೂಲ ಅವನಿಗೂ ಹಿತವಾಗಿಯೇ ಇತ್ತು.

ತಾಯಿಯ ಸಿಟ್ಟು ಪಕ್ಕದ ಮನೆಯ ಕಿಮ್ಹೋ ಮೇಲೆ ತಿರುಗಿತು. ಹೊರಗಿನವರಲ್ಲಿ ಗುಡಾಣದ ಗುಟ್ಟು ಗೊತ್ತಿದ್ದದ್ದು ಅವಳೊಬ್ಬಳಿಗೆ.

"ಪೊಲೀಸಿನವನ ಬಟ್ಟೆ ಒಗೀತಾ ಒಗೀತಾ ನಾಲಿಗೇನೂ ಅವನ ಮನೇಲೇ ಅಡ ಇಟ್ಟು ಬಂದ್ಯೇನೇ? ನನ್ನ ಅತ್ತೆ ಮಾವನ್ನ ಸುಡಿಸಿ ನಿನಗೇನೇ ಸಿಕ್ತು?"

ಕಿಮ್ಹೋ ಗೋಡೆಯ ಹತ್ತಿರ ಬಂದು ದನಿ ತಗ್ಗಿಸಿದಳು. "ನಾನು ಬಾಯಿ ಬಿಟ್ಟಿಲ್ಲ ಕಣಕ್ಕ. ನಮ್ಮನೆ ಹಿರೀಕರೂ ಸೌದೆ ರಾಶಿ ಕೆಳಗೇ ಇದಾರಲ್ಲ, ನಿನಗೆ ಗೊತ್ತಿಲ್ವಾ?"

"ಥೂ! ಇನ್ಮೇಲೆ ನನ್ನ ಹೊಸಲು ತುಳೀಬೇಡ."

ಕಿಮ್ಹೋ ಅಳುತ್ತ ಒಳಗೆ ಹೋದಳು. ಕೈಯಲ್ಲಿ ಚಹಾದ ಬಟ್ಟಲು ಹಿಡಿದ ಬುನ್‌ಲಿಯಾಂಗ್ ಎಲ್ಲ ಕೇಳಿಸಿಕೊಂಡ. ಒಂದು ಮಾತು ಸಾಕಿತ್ತು. ಆಡಲಿಲ್ಲ.

ಸಂಜೆ ತಾಯಿ ಆ ಪತ್ರಿಕೆ ಹಿಡಿದು ಬಂದಳು. ಓದಲು ಬಾರದಿದ್ದರೂ ಅದನ್ನು ಬಟ್ಟೆಗಳ ನಡುವೆಯಲ್ಲ, ದೇವರ ಗೂಡಿನಲ್ಲೇ ಜೋಪಾನ ಮಾಡಿದ್ದಳು.

"ಇವತ್ತು ಹುಣ್ಣಿಮೆ. ಊದುಬತ್ತಿ ಯಾರ ಮುಂದೆ ಹಚ್ಚಲಪ್ಪ? ಇದರಲ್ಲಿ ನಮ್ಮ ಮನೆತನದ ಹೆಸರು ಎಲ್ಲಿದೆ ತೋರ್ಸು. ಕತ್ತರಿಸಿ ಗೋಡೆಗೆ ಅಂಟಿಸ್ತೀನಿ."

ಜಪಾನಿ ಬರಹದಲ್ಲೂ ಬರುವ ಚೀನೀ ಅಕ್ಷರಗಳಲ್ಲಿ ಯಾವುದೋ ಒಂದರ ಮೇಲೆ ಅವನು ಬೆರಳಿಟ್ಟ.

"ಇದಲ್ಲ ಮಗ. ಹಲಗೆ ಒರೆಸಿ ಒರೆಸಿ ನಮ್ಮದು ನನ್ನ ಕೈಗೇ ಗೊತ್ತು."

ಅವನು ಬೆರಳು ಹಿಂತೆಗೆದ. "ಇದರಲ್ಲಿ ಇಲ್ಲಮ್ಮ. ಜಪಾನಿ ಹೆಸರಿಟ್ಟುಕೊಂಡು ಬರೆದೆ."

"ಹೆಸರು ಅವರದ್ದು. ಕಥೆ ಯಾರ ಮನೇದು?"

"ನಮ್ಮನೇದೇ. ಗುಡಾಣವೂ ಇದರಲ್ಲಿದೆ."

ಬೈದಿದ್ದರೆ ಬದುಕುತ್ತಿದ್ದ. ಅವಳು ಬೈಯಲಿಲ್ಲ. ಪತ್ರಿಕೆಯನ್ನು ಮಡಚಿ, ಪರಕೀಯರಿಗೆ ಕೊಡುವಂತೆ ಎರಡೂ ಕೈಯಿಂದ ಅವನಿಗೆ ಕೊಟ್ಟಳು.

"ಪಾಪ, ಕಿಮ್ಹೋಗೆ ಏನೆಲ್ಲ ಅಂದ್ಬಿಟ್ಟೆ," ಎಂದಳು. ಆಮೇಲೆ ತಟ್ಟನೆ ಅವನತ್ತ ತಿರುಗಿದಳು. "ಅವಳ ಸೌದೆ ರಾಶಿ ವಿಷಯ ಬರೆದಿಲ್ಲ ತಾನೆ?"

ಬುನ್‌ಲಿಯಾಂಗ್ ತಲೆ ಎತ್ತಲಿಲ್ಲ. ಆ ಕಥೆಯನ್ನು ಹೋದ ವಾರವೇ ಅಂಚೆಗೆ ಹಾಕಿದ್ದ.

"ಎದ್ದೇಳೋ," ಎಂದಳು ತಾಯಿ. "ಅವಳ ಬಾಗಿಲು ತಟ್ಟು. ನೀನೇ ಹೇಳು."