ನಿನ್ನೆ ಎಲ್ಲಿಗೆ ನಿಂತಿತ್ತು

ಕೈಲಾಂಚದ ಸರಸಮ್ಮನಿಗೆ ಅರವತ್ತಮೂರು ವರ್ಷ. ಅಷ್ಟೂ ವರ್ಷಗಳಲ್ಲಿ ಆಕೆ ಒಂದು ಪುಸ್ತಕವನ್ನೂ ತಾನಾಗಿ ಓದಿದವಳಲ್ಲ; ಕೇಳಿದ್ದು ಮಾತ್ರ ಗಾಡಿಗಟ್ಟಲೆ. ಎರಡನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ಹಿಪ್ಪುನೇರಳೆ ತೋಟಕ್ಕಿಳಿದ ಹುಡುಗಿಗೆ ಅಕ್ಷರಗಳು ದೂರದ ನೆಂಟರಂತಾದವು: ಮುಖ ಗೊತ್ತು, ಹೆಸರು ನೆನಪಿಗೆ ಬಾರದು.

ಅವಳ ಅಪ್ಪ ಬೋರಲಿಂಗಯ್ಯ ಶ್ರಾವಣ ಬಂತೆಂದರೆ ಊರ ದೇವಸ್ಥಾನದಲ್ಲಿ ಕಾವ್ಯ ಓದುತ್ತಿದ್ದವನು. ರಾಗವೆತ್ತಿ ಪದ್ಯ ಹೇಳುವುದು, ಆಮೇಲೆ ಅರ್ಥ ಬಿಡಿಸುವುದು. ಅವನದೊಂದು ಕಟ್ಟುನಿಟ್ಟಿತ್ತು. ಗುರುತಿಗೆಂದು ಪುಸ್ತಕದೊಳಗೆ ಒಂದು ದಾರವನ್ನೂ ಇಡುತ್ತಿರಲಿಲ್ಲ. ಮಾರನೆಯ ಸಂಜೆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಬಿಚ್ಚದೆ, ಕೂತವರತ್ತ ನೋಡಿ, "ನಿನ್ನೆ ಎಲ್ಲಿಗೆ ನಿಂತಿತ್ತು?" ಎನ್ನುತ್ತಿದ್ದ. ಕೇಳಿದವರಲ್ಲಿ ಒಬ್ಬರು ಕೊನೆಯ ಸಾಲು ಹೇಳಬೇಕು. ಹೇಳದಿದ್ದರೆ ಪುಸ್ತಕ ತೆರೆಯುವಂತಿಲ್ಲ. ಒಮ್ಮೆ ಯಾರಿಗೂ ನೆನಪಾಗದೆ, ಬರೀ ಮಂಗಳಾರತಿ ಮಾಡಿ ಎಲ್ಲರನ್ನೂ ಮನೆಗೆ ಕಳಿಸಿಬಿಟ್ಟಿದ್ದ. ಆ ಅವಮಾನ ತಡೆಯಲಾರದೆ ಎಂಟು ವರ್ಷದ ಸರಸ ಮಾರನೆಯ ದಿನದಿಂದ ಸಾಲು ಹೊತ್ತುಕೊಂಡು ಬರತೊಡಗಿದಳು. ಅಪ್ಪನ ಪುಸ್ತಕಕ್ಕೆ ಅವಳೇ ಗುರುತಿನ ದಾರವಾದಳು.

ಆ ದಾರ ಈಗಲೂ ಕಳಚಿಲ್ಲ. ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಭಾನುಪ್ರಿಯ ಮೂರು ವರ್ಷದಿಂದ ಮಧ್ಯಾಹ್ನದ ಹೊತ್ತು ಸರಸಮ್ಮನ ಜಗುಲಿಗೆ ಬಂದು ಓದುತ್ತಾಳೆ. ರೇಷ್ಮೆಹುಳುವಿಗೆ ಸೊಪ್ಪು ಬಿಡಿಸುತ್ತ ಹತ್ತು ಹನ್ನೆರಡು ಹೆಂಗಸರು ಕೇಳುತ್ತಾರೆ. ಪುಸ್ತಕಗಳ ಹೆಸರು ಯಾರಿಗೂ ಬೇಡ. "ಕೆರೆ ಒಡ್ದಿದ್ದು", "ಲಾರಿ ಡ್ರೈವರ್‌ದು", "ಬಾವಿ ತೋಡೋರ್ದು" ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಕಾದಂಬರಿಗಳು ಸರಸಮ್ಮನಿಗೆ ಬೇಗ ಒಗ್ಗಿದವು. ಆತ್ಮಕಥೆ ಎಂಬುದೇ ವಿಚಿತ್ರವೆನಿಸಿತು. ಅಪ್ಪ ಓದುತ್ತಿದ್ದ ಕವಿಗಳು ತಮ್ಮ ಸುದ್ದಿ ಎತ್ತುತ್ತಿದ್ದುದು ಕಟ್ಟಕಡೆಯ ಪದ್ಯದಲ್ಲಿ, ಅದೂ ದೇವರ ಬೆನ್ನ ಹಿಂದೆ ನಿಂತುಕೊಂಡು. ಇವರೋ ಮುನ್ನೂರು ಪುಟ ತಾವೇ ಎದುರಿಗೆ ಕೂತಿರುತ್ತಾರೆ.

"ಇಷ್ಟು ಮಾತಾಡೋರು ಏನೋ ಒಂದನ್ನ ಮುಚ್ಚಿಟ್ಟಿರ್ತಾರೆ ಕಣಮ್ಮಿ," ಎಂದಳು ಪಕ್ಕದ ಮನೆಯ ನಿಖಾತ್‌ಗೆ.

"ನಮ್ಮನೇರೂ ಅಂಗೇ ಅಕ್ಕ. ಜಾಸ್ತಿ ಮಾತಾಡಿದ್ರೆ ಜೇಬು ನೋಡ್ಬೇಕು," ಎಂದು ನಿಖಾತ್ ಸೊಪ್ಪು ಕೊಡವಿದಳು.

ಆ ವರ್ಷ ರಾಮನಗರದಲ್ಲಿ ಓದುಗರ ಸಮಾವೇಶವೆಂದಾಯಿತು. ಪ್ರತಿ ಗ್ರಂಥಾಲಯದಿಂದ ಒಬ್ಬರು ಬಂದು, ಮುಖ್ಯ ಅತಿಥಿಯಾಗಿ ಬರುವ ಸಾತನೂರು ಕಡೆಯ ಲೇಖಕ ಮರಿಯಪ್ಪನವರ ಪುಸ್ತಕಗಳ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಗೆದ್ದವರಿಗೆ ಈ ಸಾಲಿನ ಓದುಗರೆಂಬ ಬಿರುದು. ಭಾನುಪ್ರಿಯ ಫಾರಂ ಮೇಲೆ ಸರಸಮ್ಮನ ಹೆಸರು ಬರೆದಳು. ರಿಟೈರಾದ ಹೆಡ್‌ಮಾಸ್ತರ ಮುನಿಶಾಮಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಅದನ್ನು ಓದಿದರು.

"ಏನಮ್ಮ ಭಾನು, ಇದು ಓದುಗರದ್ದೋ ಕೇಳುಗರದ್ದೋ? ನಾನು ಮರಿಯಪ್ಪನ ಆತ್ಮಕಥೆ ಎರಡು ಸಲ ಓದಿದೀನಿ, ಅಡಿಗೆರೆ ಹಾಕ್ಕೊಂಡು. ಈಯಮ್ಮಂಗೆ ಬಸ್ಸಿನ ಬೋರ್ಡ್ ಓದಕ್ಕೆ ಬರಲ್ಲ!"

"ಅದಕ್ಕೇ ಮೇಷ್ಟ್ರೆ ಒಂದ್ ಸಲಾನೂ ತಪ್ಪು ಬಸ್ ಹತ್ತಿಲ್ಲ. ಕೇಳ್ಕಂಡೇ ಹತ್ತೀನಿ," ಎಂದಳು ಸರಸಮ್ಮ.

ಹೊರಗೆ ನಕ್ಕಳೇ ಹೊರತು ಮಾತು ಒಳಗೆ ಚುಚ್ಚಿತು. ಕೇಳಿದ್ದು ಓದಿದ್ದಲ್ಲವಾದರೆ ಐವತ್ತೈದು ವರ್ಷ ತಾನು ಹೊತ್ತಿದ್ದೇನು? ಅಪ್ಪನೆದುರು ಕೂತವರೆಲ್ಲ ಸುಮ್ಮನೆ ಕೂತವರೇ? ಒಮ್ಮೆ, ಒಂದೇ ಒಂದು ಸಲ, ನಾಲ್ಕು ಜನರೆದುರು ಅದು ಲೆಕ್ಕಕ್ಕೆ ಬರಬೇಕು ಎಂಬ ಹಟ ಆಕೆಯಲ್ಲಿ ಹುಟ್ಟಿತು.

"ಅಲ್ಲಿ ಕೇಳಿದ್ರೆ ಓದಿದೀನಿ ಅಂತ ಅಂದ್ಬುಡಿ ಅಕ್ಕ," ಎಂದು ಭಾನುಪ್ರಿಯ ಬಸ್ಸಿನಲ್ಲಿ ಹೇಳಿಕೊಟ್ಟಳು.

"ದೇವ್ರ ಮುಂದೆ ಕೂತು ಕಲ್ತಿದ್ದನ್ನ ಸುಳ್ಳೇಳಿ ಗೆಲ್ಲಾದಾ? ಬುಡು ನೀನು."

ಸಭಾಂಗಣ ತುಂಬಿತ್ತು. ಸರಸಮ್ಮನ ಸರದಿ ಬಂದಾಗ ನಿರೂಪಕರು ಎಷ್ಟು ಪುಸ್ತಕ ಓದಿದ್ದೀರಿ ಎಂದು ಕೇಳಿದರು.

"ಒಂದೂ ಇಲ್ಲ ಸ್ವಾಮಿ. ನಲವತ್ತಮೂರು ಕೇಳಿದೀನಿ."

ನಗೆ ಎದ್ದಿತು. ಮುಂದಿನ ಸಾಲಿನಲ್ಲಿದ್ದ ಮುನಿಶಾಮಯ್ಯನವರು ಎದ್ದೇ ನಿಂತರು. "ನಿಯಮ ಅಂದ್ರೆ ನಿಯಮ. ಓದದೇ ಇರೋರಿಗೆ ಅವಕಾಶ ಕೊಟ್ರೆ ಓದಿದೋರು ಎಲ್ಲಿಗೆ ಹೋಗಬೇಕು?" ಸಂಘಟಕರು ಪರಸ್ಪರ ಮುಖ ನೋಡಿಕೊಂಡರು. ಒಬ್ಬರು ಮೈಕಿನತ್ತ ಕೈ ಚಾಚಿದರು.

"ಮಾತಾಡಲಿ ಬಿಡಿ," ಎಂದರು ವೇದಿಕೆಯ ಮೇಲಿದ್ದ ಮರಿಯಪ್ಪನವರು. ಎಪ್ಪತ್ತು ದಾಟಿದ, ಹಾರದ ಭಾರಕ್ಕೇ ದಣಿದಂತಿದ್ದ ಮನುಷ್ಯ. "ನನ್ನ ಪುಸ್ತಕ ಯಾರ ಕಿವಿಗಾದರೂ ಬಿದ್ದಿದೆಯಲ್ಲ, ಅದೇ ಸಂತೋಷ."

ಸರಸಮ್ಮ ಮೇಜಿನ ಮೇಲಿದ್ದ ಅವರ ಆತ್ಮಕಥೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ತೆರೆಯಲಿಲ್ಲ. ಹಾಗೇ ಕೆಳಗಿಟ್ಟಳು.

"ಸ್ವಾಮಿ, ಇದ್ರಲ್ಲಿ ಸ್ಕೂಲಿಗೆ ಸೇರೋ ದಿವ್ಸ ನಿಮ್ಮಕ್ಕ ನಿಮ್ಮನ್ನ ಸೊಂಟದ ಮ್ಯಾಲೆ ಕೂರ್ಸ್ಕಂಡು ಹೊಳೆ ದಾಟುಸ್ತಾಳೆ. 'ಅಕ್ಕ ದಡದಲ್ಲಿ ನಿಂತಳು, ನಾನು ತಿರುಗಿ ನೋಡಲಿಲ್ಲ.' ಅಲ್ಲಿಗೆ ನಿಂತೋಯ್ತು. ಆಮೇಕೆ ಡೆಲ್ಲಿ ಬಂತು, ಸನ್ಮಾನ ಬಂತು, ಸಿಟ್ಟು ಮಾಡ್ಕಂಡ ಸ್ನೇಹಿತ್ರೆಲ್ಲ ಬಂದ್ರು. ಅಕ್ಕ ಬರ್ನಿಲ್ಲ. ಹೆಸ್ರೂ ಇಲ್ಲ."

ಮರಿಯಪ್ಪನವರು ಹಾರ ತೆಗೆದು ಪಕ್ಕಕ್ಕಿಟ್ಟರು.

"ನಿಮ್ ಕಾದಂಬ್ರಿ ಮೂರು ಕೇಳಿದೀನಿ. ಕೆರೆ ಒಡ್ದಿದ್ರಲ್ಲಿ ಒಬ್ಳು ಹುಡುಗಿ ತಮ್ಮನ ಅಂಗೈಲಿ ಬೆಲ್ಲ ಇಟ್ಟು, ಬೆರಳೊಂದೊಂದೇ ಮಡ್ಚಿ ಮುಷ್ಟಿ ಮಾಡ್ತಾಳೆ. ಅವಳ್ನ ಕೆರೆಗೆ ಕೊಟ್ರಿ. ಲಾರಿ ಡ್ರೈವರ್‌ದ್ರಲ್ಲಿ ಹೋಟ್ಲು ಹೆಂಗ್ಸು, ಗುರ್ತಿಲ್ದ ಮಗೀಗೆ ಅಂಗೇ ಬೆರಳು ಮಡುಸ್ತಾಳೆ. ಅವಳ್ಗೆ ಜ್ವರ ಬಂತು, ಹೋದ್ಲು. ಬಾವಿ ತೋಡೋರ ಕತೇಲಿ ಮುದುಕಿ. ಅದೇ ಬೆಲ್ಲ, ಅದೇ ಬೆರಳು. ಮಣ್ಣು ಕುಸೀತು. ಹೆಸ್ರು ಬ್ಯಾರೆ, ಊರು ಬ್ಯಾರೆ, ಕೈ ಒಂದೇ ಸ್ವಾಮಿ. ಒಂದೇ ಹೆಂಗ್ಸನ್ನ ಮೂರ್ ಸಲ ಸಾಯ್ಸಿದೀರಿ."

ಸರಸಮ್ಮ ಒಂದು ಗಳಿಗೆ ತಡೆದಳು. ಅಪ್ಪ ಪದ್ಯ ಮುಗಿಸಿ ಅರ್ಥಕ್ಕಿಳಿಯುವ ಮುನ್ನ ಹೀಗೇ ತಡೆಯುತ್ತಿದ್ದ.

"ಸತ್ತೋರ ಇಚಾರ ಬರೆಯಕ್ಕೆ ಆತ್ಮಕತೇಲಿ ಯಾರೂ ಅಂಜಲ್ಲ. ಎರಡು ಪುಟ ಅತ್ತು ಮುಂದಕ್ಕೋಯ್ತಾರೆ. ಅಂಜಾದು ಬದುಕಿರೋರ್ಗೆ. ಅದಕ್ಕೇ ನಂಗನ್ನುಸ್ತೈತೆ, ನಿಮ್ಮಕ್ಕ ಬದುಕವ್ರೆ. ತಪ್ಪಾಗಿದ್ರೆ ಕ್ಷಮುಸ್ಬುಡಿ. ಅವಮ್ಮ ದಡದಲ್ಲೇ ನಿಂತವ್ರೆ ಸ್ವಾಮಿ. ನೀವು ಪುಸ್ತಕ ಮುಗ್ಸಿದೀರಿ, ಕತೆ ಅಲ್ಲಿಗೇ ನಿಂತೈತೆ."

ಕೈ ಮುಗಿದು ಇಳಿಯಲು ಹೊರಟವಳನ್ನು ಮರಿಯಪ್ಪನವರು ಎದ್ದು ಬಂದು ತಡೆದರು. ಮೈಕು ಹಿಡಿದರು.

"ಮಾರಮ್ಮ," ಎಂದರು. "ನಮ್ಮಕ್ಕನ ಹೆಸರು ಮಾರಮ್ಮ. ಎಂಬತ್ತು ವರ್ಷ. ಸಾತನೂರಿನ ಹತ್ತಿರವೇ ಇದ್ದಾಳೆ. ರೇಷ್ಮೆಗೂಡಿನಿಂದ ನೂಲು ತೆಗೆಯುವ ಬಿಸಿನೀರಲ್ಲಿ ಕೈ ಬೇಯಿಸಿಕೊಂಡು ನನ್ನನ್ನು ಓದಿಸಿದಳು. ಆ ಕೈ ನಾಲ್ಕು ಜನರಿಗೆ ಕಾಣಬಾರದು ಅಂತ ನನ್ನ ಮಗನ ಮದುವೆಗೆ ಅವಳನ್ನು ಕರೆಯಲಿಲ್ಲ. ಆಮೇಲೆ ಮುಖ ತೋರಿಸುವ ಧೈರ್ಯ ಬರಲಿಲ್ಲ. ನನ್ನ ಪುಸ್ತಕಗಳ ಮೇಲೆ ಎಷ್ಟೋ ಜನ ಬರೆದಿದ್ದಾರೆ. ಈ ಕೈಯನ್ನು ಕಂಡವರು ಇವರೊಬ್ಬರೇ." ಸಂಘಟಕರತ್ತ ತಿರುಗಿದರು. "ಇದು ಓದಲ್ಲ ಅನ್ನುವುದಾದರೆ, ನಾನು ಬರೆದದ್ದೂ ಬರಹವಲ್ಲ."

ಚಪ್ಪಾಳೆ ಹಿಂದಿನ ಸಾಲಿನಿಂದ ಶುರುವಾಯಿತು. ಮುಂದಿನ ಸಾಲಿಗೆ ಬರುವಷ್ಟರಲ್ಲಿ ಜನ ಎದ್ದು ನಿಂತಿದ್ದರು. ಭಾನುಪ್ರಿಯ ಕುರ್ಚಿಯ ಮೇಲೆಯೇ ಹತ್ತಿಬಿಟ್ಟಿದ್ದಳು. ಎಲ್ಲರಿಗಿಂತ ಕೊನೆಗೆ, ಆದರೆ ಎಲ್ಲರಿಗಿಂತ ಹೆಚ್ಚು ಹೊತ್ತು, ಚಪ್ಪಾಳೆ ತಟ್ಟಿದವರು ಮುನಿಶಾಮಯ್ಯನವರು.

ಮರಿಯಪ್ಪನವರು ಊಟಕ್ಕೂ ನಿಲ್ಲಲಿಲ್ಲ. ಕಾರು ಸಾತನೂರಿನ ದಾರಿ ಹಿಡಿಯಿತು. ಸರಸಮ್ಮ ಹೆಗಲ ಮೇಲೆ ಶಾಲು, ಕಂಕುಳಲ್ಲಿ ಬಿರುದಿನ ಫಲಕ ಇಟ್ಟುಕೊಂಡು ಕೈಲಾಂಚದ ಬಸ್ಸು ಕೇಳಿಕೊಂಡೇ ಹತ್ತಿದಳು. ಕಂಡಕ್ಟರ್ ಫಲಕದ ಮೇಲಿನದ್ದನ್ನು ಗಟ್ಟಿಯಾಗಿ ಓದಿ ಬಸ್ಸಿಗೆಲ್ಲ ಕೇಳಿಸಿದ. ಆಕೆ ಅದನ್ನೂ ಒಂದೇ ಸಲಕ್ಕೆ ಬಾಯಿಪಾಠ ಮಾಡಿಕೊಂಡಳು.

ವಾರದ ಮೇಲೆ ಭಾನುಪ್ರಿಯಳ ಫೋನಿಗೆ ಒಂದು ಫೋಟೋ ಬಂತು. ಸೊಪ್ಪು ಬಿಡಿಸುತ್ತಿದ್ದವರೆಲ್ಲ ಕೈ ಒರೆಸಿಕೊಂಡು ಮುಗಿಬಿದ್ದರು. ಮರಿಯಪ್ಪನವರು ನೆಲದ ಮೇಲೆ ಕೂತಿದ್ದಾರೆ. ಸುಕ್ಕಾದ ಬೆಳ್ಳಗಿನ ಬೆರಳುಗಳು ಅವರ ಮುಷ್ಟಿಯನ್ನು ಮಡಚುತ್ತಿವೆ. ಮುಷ್ಟಿಯೊಳಗೇನಿದೆ ಎಂದು ಯಾರೂ ಕೇಳಲಿಲ್ಲ. ನಿಖಾತ್ ಮಾತ್ರ, "ಅಕ್ಕ, ದಡ ಮುಟ್ಬುಟ್ರು," ಎಂದಳು.

ಅದೇ ದಿನ ಮುನಿಶಾಮಯ್ಯನವರು ಜಗುಲಿಯ ಹತ್ತಿರ ಬಂದು ಕೆಮ್ಮಿದರು. "ಅಷ್ಟೊಂದು ಅಡಿಗೆರೆ ಹಾಕಿದ್ದೆ ಕಣಮ್ಮ, ನಂಗ್ಯಾಕೆ ಸಿಗಲಿಲ್ಲ?"

"ಗೆರೆ ಹಾಕಿದ್ದೆಲ್ಲ ಪುಸ್ತಕದಲ್ಲೇ ಉಳ್ಕಂಡ್ಬುಡ್ತೇನೋ ಮೇಷ್ಟ್ರೆ. ಬನ್ನಿ, ಕೂತ್ಕಳಿ. ಒಸಿ ಸೊಪ್ಪೂ ಬುಡ್ಸಿ."

ಅವರು ಕೂತರು, ಕೇಳಿದರು. ಮಾರನೆಯ ಮಧ್ಯಾಹ್ನ ಭಾನುಪ್ರಿಯ ಪುಸ್ತಕ ತೆರೆಯಹೊರಟಾಗ ಸರಸಮ್ಮ ಕೈ ಅಡ್ಡ ಹಿಡಿದಳು.

"ಮೇಷ್ಟ್ರೆ, ನಿನ್ನೆ ಎಲ್ಲಿಗೆ ನಿಂತಿತ್ತು?"

ಮುನಿಶಾಮಯ್ಯನವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಅದೇ... ಮಳೆ ಬಂದು..."

"ಮಳೆ ನಿನ್ನೆ ಮೊದ್ಲಲ್ಲೇ ನಿಂತೋಯ್ತು ಮೇಷ್ಟ್ರೆ!" ಎಂದಳು ನಿಖಾತ್. ಜಗುಲಿ ನಗುವಿನಲ್ಲಿ ಮುಳುಗಿತು. ಅವರೂ ನಕ್ಕರು, ಕಿವಿಯವರೆಗೆ ಕೆಂಪಾಗಿ.

ಅದರ ಮಾರನೆಯ ದಿನ ಎಲ್ಲರಿಗಿಂತ ಮುಂಚೆ ಬಂದಿದ್ದರು. ಭಾನುಪ್ರಿಯ ಇನ್ನೂ ಮೆಟ್ಟಿಲು ಹತ್ತುತ್ತಿರುವಾಗಲೇ, ಯಾರೂ ಕೇಳದಿದ್ದರೂ, ಕಣ್ಣು ಮುಚ್ಚಿ ನಿನ್ನೆಯ ಕೊನೆಯ ಸಾಲನ್ನು ಒಂದಕ್ಷರ ಬಿಡದೆ ಒಪ್ಪಿಸಿದರು.

ಸರಸಮ್ಮ ಸೊಪ್ಪಿನ ಕಡ್ಡಿ ಕೆಳಗಿಟ್ಟು ಎರಡೂ ಕೈ ಮುಗಿದಳು.

"ಈಗ ತೆಗಿ ಭಾನು ಪುಸ್ತಕ."