ಮಗನಿಗೊಂದು ಕಂಪ್ಯೂಟರ್

"ಮಗನಿಗಾ?"

ಅಂಗಡಿಯವನು ಹೀಗೆ ಕೇಳಿದಾಗ ಅವಳು ಗಾಜಿನ ಕಪಾಟಿನೊಳಗಿದ್ದ ಕಂಪ್ಯೂಟರಿನ ಹಸಿರು ಹಲಗೆಯೊಂದನ್ನು ಬಗ್ಗಿ ನೋಡುತ್ತಿದ್ದಳು. ಅದರ ತಲೆ ಯಾವುದು ಬುಡ ಯಾವುದು ಎಂದೇ ತಿಳಿಯುವಂತಿರಲಿಲ್ಲ.

"ಹೂಂ," ಎಂದುಬಿಟ್ಟಳು.

ಅಲ್ಲ ಎಂದಿದ್ದರೆ ಮತ್ತೆ ಯಾರಿಗೆ ಎಂದು ಕೇಳುತ್ತಿದ್ದ. ನನಗೇ ಎಂದಿದ್ದರೆ, ಐವತ್ತರ ಹತ್ತಿರದ ಈ ಹೆಂಗಸಿಗೆ ಗೇಮ್ ಆಡುವ ಹುಚ್ಚೇಕೆ ಎಂದು ಬಾಯಲ್ಲಿ ಕೇಳದಿದ್ದರೂ ಕಣ್ಣಲ್ಲಿ ಕೇಳುತ್ತಿದ್ದ. ಹೂಂ ಎನ್ನುವುದೇ ಸುಲಭವಾಯಿತು.

"ಮಕ್ಕಳಿಗೆ ತೊಗೊಳೋರು ಮಕ್ಕಳನ್ನ ಕರ್ಕೊಂಡೇ ಬರ್ಬೇಕು ಮೇಡಂ. ಇಲ್ದಿದ್ರೆ ಮನೆಗೆ ಹೋದ್ಮೇಲೆ ಇದಲ್ಲ ಅದು ಅಂತ ಮುಖ ಊದಿಸ್ಕೊಂಡು ಕೂರ್ತಾರೆ," ಎಂದ ಅಂಗಡಿಯವನು. ಅರವತ್ತು ದಾಟಿದ, ದಪ್ಪ ಮೈಯ ಆಸಾಮಿ. ಮಾರ್ಕೆಟ್ಟಿನ ನೆಲಮಾಳಿಗೆಯ ಆ ಸಾಲಿನಲ್ಲಿ ಎಲ್ಲರೂ ಅವನನ್ನು ಚಿಪ್ ಮಾವ ಎಂದೇ ಕರೆಯುತ್ತಿದ್ದರು. "ಇರ್ಲಿ. ಬಜೆಟ್ ಎಷ್ಟು?"

ಅವಳು ಹೇಳಿದಳು. ಚಿಪ್ ಮಾವ ಕೆನ್ನೆ ಕೆರೆದುಕೊಂಡ.

"ಕಷ್ಟ. ಆಗಲ್ಲ ಅಂತಲ್ಲ, ಒಂದೊಂದೇ ಹುಡುಕಿ ಜೋಡಿಸ್ಬೇಕು. ಅರ್ಜೆಂಟ್ ಇದೆಯಾ?"

"ಇಲ್ಲ," ಎಂದಳು. ಅವಳಿಗೆ ಈಗ ಯಾವುದಕ್ಕೂ ಅರ್ಜೆಂಟ್ ಇರಲಿಲ್ಲ.

ಅವಳು ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಕೂರಿಸುವವಳು. ಬೇರೆಯವರ ಕಣ್ಣಿಗೆ ತಕ್ಕ ಗಾಜನ್ನು ಉಜ್ಜಿ, ಅಂಚು ನುಣುಪು ಮಾಡಿ, ಫ್ರೇಮಿಗೆ ಕೂರಿಸಿ ಮುಂದಿನ ಕೌಂಟರಿಗೆ ಕಳಿಸಿದರೆ ಮುಗಿಯಿತು. ಆ ಕನ್ನಡಕ ಯಾರ ಮೂಗಿನ ಮೇಲೆ ಕೂತಿತೆಂದು ನೋಡುವ ಪ್ರಸಂಗವೇ ಬರುತ್ತಿರಲಿಲ್ಲ. ಸಂಜೆ ಮನೆಗೆ ಓಡುವುದು, ಹಾಸಿಗೆ ಹಿಡಿದ ಅಮ್ಮನ ಮೈ ಒರೆಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸಿ ಮಲಗಿಸುವುದು. ವರ್ಷಗಟ್ಟಲೆ ಇದೇ ನಡೆದಿತ್ತು. ನಡುವೆ ಮದುವೆಯ ಮಾತು ಒಂದೆರಡು ಸಲ ಮನೆಯವರೆಗೆ ಬಂದು, ಅಮ್ಮನ ಮಂಚ ನೋಡಿ, ಹಿಂದಿರುಗಿ ಹೋಗಿತ್ತು. ಹೋದ ವರ್ಷ ಅಮ್ಮ ತೀರಿಕೊಂಡಳು. ಅವಳು ಈಗಲೂ ಅಭ್ಯಾಸಬಲದಿಂದ ಬಸ್ಸಿಗೆ ಓಡುತ್ತಿದ್ದಳು. ಬೀಗ ತೆಗೆದು ಒಳಗೆ ಬಂದಮೇಲೆ, ಓಡಿ ಬಂದದ್ದೇಕೆ ಎಂದು ತೋಚದೆ ಚಪ್ಪಲಿಯನ್ನೂ ಬಿಚ್ಚದೆ ನಿಂತಿರುತ್ತಿದ್ದಳು.

ಈ ಕಂಪ್ಯೂಟರಿನ ಆಸೆ ಹುಟ್ಟಿಸಿದ ಆಟ ಅವಳ ಕಣ್ಣಿಗೆ ಬಿದ್ದದ್ದು, ಅಮ್ಮನನ್ನು ಕೊನೆಗೆ ಸೇರಿಸಿದ್ದ ಆಸ್ಪತ್ರೆಯಲ್ಲಿ. ಅಮ್ಮನ ಪಕ್ಕದ ಮಂಚದ ರೋಗಿಯ ಅಳಿಯ ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಲಾರಿ ಓಡಿಸುತ್ತ ಕೂರುತ್ತಿದ್ದ. ಗುಂಡು ಹಾರಿಸುವುದಿಲ್ಲ, ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಒಂದು ದೊಡ್ಡ ಲಾರಿ, ಮುಂದೆ ರಸ್ತೆ, ಗಾಜಿನ ಮೇಲೆ ಮಳೆ ಹನಿ, ಅತ್ತಿತ್ತ ಆಡುವ ವೈಪರ್.

"ಎಲ್ಲಿಗೆ ಹೊರಟಿದೀರಿ?" ಎಂದು ಒಂದು ದಿನ ಕೇಳಿದ್ದಳು.

"ಸಿಮೆಂಟ್ ತೊಗೊಂಡು ಹೋಗ್ತಿದೀನಿ ಅಕ್ಕಾ. ಇನ್ನೂ ಬಹಳ ದೂರ ಇದೆ," ಎಂದು ಅವನು ರಸ್ತೆಯಿಂದ ಕಣ್ಣು ತೆಗೆಯದೆ, ಗಂಭೀರವಾಗಿ ಹೇಳಿದ್ದ.

ಅಮ್ಮ ಹೋದಮೇಲೆ ಕಬ್ಬಿಣದ ಮಂಚವನ್ನೂ ಆಮ್ಲಜನಕದ ಮಿಷನ್ನನ್ನೂ ಮಾರಿದಾಗ, ಬೇರೆ ಊರಿನಲ್ಲಿದ್ದ ಅವಳ ತಮ್ಮ ಫೋನ್ ಮಾಡಿ, "ಆ ದುಡ್ಡು ನೀನೇ ಇಟ್ಕೋ ಅಕ್ಕ. ನಿನಗೆ ಅಂತ ಏನಾದ್ರೂ ತೊಗೋ," ಎಂದ. ತನಗೆ ಅಂತ ಏನು ಎಂದು ಅವಳು ಬಹಳ ದಿನ ಯೋಚಿಸಿದಳು. ಸೀರೆ, ಸರ, ಹೊಸ ಫ್ರಿಜ್ಜು, ಯಾವುದೂ ಮನಸ್ಸಿಗೆ ಹತ್ತಲಿಲ್ಲ. ಹತ್ತಿದ್ದು ಆ ಲಾರಿ ಮಾತ್ರ.

ಹಾಗೆ ಶನಿವಾರ ಮಧ್ಯಾಹ್ನ ಕೆಲಸ ಬಿಟ್ಟಮೇಲೆ ನೆಲಮಾಳಿಗೆಗೆ ಹೋಗುವುದು ರೂಢಿಯಾಯಿತು. ಚಿಪ್ ಮಾವ ಅವಳಿಗಾಗಿಯೇ ಒಂದು ಸ್ಟೂಲು ಒರೆಸಿ ಇಡುತ್ತಿದ್ದ.

"ನೋಡಿ, ಪ್ರೊಸೆಸರ್ ಅಂದ್ರೆ ಮನೆ ಯಜಮಾನಿ. ಎಲ್ಲರಿಗೂ ಕೆಲಸ ಹೇಳೋಳು. ಗ್ರಾಫಿಕ್ಸ್ ಕಾರ್ಡ್ ಅಂದ್ರೆ ಬಣ್ಣ ಬಳಿಯೋನು. ಯಜಮಾನಿ ಎಷ್ಟು ಚುರುಕಿದ್ರೂ ಬಣ್ಣದೋನು ಸೋಮಾರಿಯಾದ್ರೆ ಗೋಡೆ ಹಾಗೇ ಇರುತ್ತೆ. ಅದಕ್ಕೇ ದುಡ್ಡಲ್ಲಿ ಅರ್ಧ ಅವನಿಗೇ."

"ಇದು?" ಅವಳು ಬಣ್ಣಬಣ್ಣದ ದೀಪ ಹೊತ್ತಿಕೊಂಡಿದ್ದ ಗಾಜಿನ ಪೆಟ್ಟಿಗೆಯೊಂದನ್ನು ತೋರಿಸಿದಳು.

"ಅದು ಬರೀ ಡಬ್ಬ. ದೀಪ ಇದ್ರೆ ಗೇಮ್ ಜೋರಾಗಿ ಓಡುತ್ತಾ? ಈ ಕರೀ ಡಬ್ಬ ತೊಗೊಳ್ಳಿ, ಉಳಿದ ದುಡ್ಡನ್ನ ಪವರ್ ಸಪ್ಲೈಗೆ ಹಾಕಿ. ಅದರಲ್ಲಿ ಮಾತ್ರ ಜಿಪುಣತನ ಬೇಡ. ಅದು ಕೆಟ್ರೆ ಒಬ್ಬನೇ ಸಾಯಲ್ಲ, ಮನೆಮಂದಿನೆಲ್ಲ ಕರ್ಕೊಂಡು ಹೋಗುತ್ತೆ. ಹುಡುಗ ದೀಪ ಬೇಕು ಅಂತ ಹಟ ಮಾಡ್ತಾನಾ?"

"ಇಲ್ಲ. ಅವನು ಹಟ ಮಾಡೋನಲ್ಲ," ಎಂದಳು.

ಹಾಗೆ ಹುಡುಗ ಬೆಳೆಯತೊಡಗಿದ. ಚಿಪ್ ಮಾವ ಕೇಳುತ್ತಿದ್ದ. ಅವಳು ಏನಾದರೂ ಹೇಳಲೇಬೇಕಾಗುತ್ತಿತ್ತು. ಈಗಷ್ಟೇ ಕಾಲೇಜು ಸೇರಿದ್ದಾನೆ. ಮಾತು ಕಮ್ಮಿ. ಗೆಳೆಯರೂ ಕಮ್ಮಿ. ಹೊಡೆದಾಟದ ಆಟ ಇಷ್ಟವಿಲ್ಲ, ಲಾರಿ ಓಡಿಸುತ್ತಾನೆ. ಇದನ್ನು ಕೇಳಿ ಚಿಪ್ ಮಾವ ಹೊಟ್ಟೆ ಕುಲುಕುವಂತೆ ನಕ್ಕ. "ಈ ಕಾಲದಲ್ಲಿ ಇಂಥಾ ಹುಡುಗ! ನಾನು ನೋಡ್ಲೇಬೇಕು ಇವನನ್ನ." ಇನ್ನೊಂದು ಶನಿವಾರ, ಅವನು ಎಡಚ ಎಂದು ಬಾಯಿ ಜಾರಿ ಹೇಳಿದಳು. ಅದರ ಮುಂದಿನ ವಾರ ಚಿಪ್ ಮಾವ ಎಲ್ಲಿಂದಲೋ ಎಡಗೈಗೆಂದೇ ಮಾಡಿದ ಮೌಸ್ ತರಿಸಿಟ್ಟಿದ್ದ. "ಇಂಥದು ನನ್ನ ಅಂಗಡಿಗೆ ಬಂದಿದ್ದೇ ಮೊದಲ ಸಲ," ಎಂದು ಅದನ್ನು ಬಟ್ಟೆಯಲ್ಲಿ ಒರೆಸಿ ಅವಳ ಮುಂದಿಟ್ಟ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಅವಳಿಗೆ ಹುಡುಗನ ನೆನಪಾಗುತ್ತಿತ್ತು. ನೆನಪು ಎನ್ನುವ ಮಾತು ತಪ್ಪು ಎಂದು ಗೊತ್ತಿತ್ತು. ಆದರೂ ಮುಂದಿನ ವಾರ ಅವನ ಬಗ್ಗೆ ಏನು ಹೇಳುವುದು ಎಂದು ಯೋಚಿಸುವಾಗ ದಾರಿ ಬೇಗ ಸಾಗುತ್ತಿತ್ತು.

ಕೊನೆಗೆ ಉಳಿದದ್ದು ಗ್ರಾಫಿಕ್ಸ್ ಕಾರ್ಡು. ಹೊಸದರ ಬೆಲೆ ಮುಟ್ಟುವ ಹಾಗಿರಲಿಲ್ಲ. ಒಂದು ಶನಿವಾರ ಅವಳು ಹೋದಾಗ ಚಿಪ್ ಮಾವ ಮೇಜಿನ ಕೆಳಗಿನಿಂದ ಪೊಟ್ಟಣವೊಂದನ್ನು ಕಳ್ಳಮಾಲಿನಂತೆ ಹೊರತೆಗೆದ.

"ಸ್ಟುಡಿಯೋದವರು ಬಳಸಿದ್ದು. ಜೋಪಾನವಾಗಿ ಇಟ್ಕೊಂಡಿದ್ರು. ಬೆಳಿಗ್ಗೆಯಿಂದ ಮೂರು ಜನ ಕೇಳಿದ್ರು, ಇಲ್ಲ ಅಂದೆ. ನಾನು ತೊಗೊಂಡ ರೇಟಿಗೇ ಕೊಡ್ತೀನಿ. ಓದೋ ಹುಡುಗನ ಹತ್ರ ಲಾಭ ಮಾಡ್ಕೊಂಡು ನಾನೇನು ಬಂಗಲೆ ಕಟ್ಟಬೇಕಾ? ಆದ್ರೆ ಒಂದು ಷರತ್ತು. ಮುಂದಿನ ಶನಿವಾರ ಅವನನ್ನ ಕರ್ಕೊಂಡು ಬರ್ಬೇಕು. ಜೋಡಿಸೋದು ಅವನೇ. ನಾನು ಪಕ್ಕದಲ್ಲಿ ಕೂತು ಹೇಳ್ಕೊಡ್ತೀನಿ. ಮೊದಲನೇ ಕಂಪ್ಯೂಟರನ್ನ ಬೇರೆಯವರ ಕೈಲಿ ಜೋಡಿಸ್ಬಾರದು ಮೇಡಂ."

ಆ ವಾರ ಕೆಲಸದಲ್ಲಿ ಅವಳು ಎರಡು ಗಾಜು ಒಡೆದಳು. ಹುಡುಗನಿಗೆ ಜ್ವರ ಬರಿಸೋಣವೇ ಎಂದುಕೊಂಡಳು. ಪರೀಕ್ಷೆ ಎನ್ನೋಣವೇ? ಹೇಳಿದರೆ ಚಿಪ್ ಮಾವ ನಂಬುತ್ತಿದ್ದ. ಮುಂದಿನ ವಾರಕ್ಕೆ ಕಾಯುತ್ತಿದ್ದ. ಆ ಕಾಯುವಿಕೆಯನ್ನು ನೆನೆದೇ ಅವಳಿಗೆ ನಾಚಿಕೆಯಾಯಿತು.

ಶನಿವಾರ ಅವಳು ಒಬ್ಬಳೇ ಹೋದಳು. ಕೌಂಟರಿನ ಮೇಲಿದ್ದುದನ್ನೆಲ್ಲ ಬದಿಗೆ ಸರಿಸಿ, ಹಳೆಯ ಟವೆಲ್ ಹಾಸಿ, ಚಿಪ್ ಮಾವ ಒಂದೊಂದೇ ಪೆಟ್ಟಿಗೆಯನ್ನು ಸಾಲಾಗಿ ಜೋಡಿಸಿಟ್ಟಿದ್ದ. ಸ್ಟೂಲು ಇವತ್ತು ಎರಡಿದ್ದವು.

"ಎಲ್ಲಿ ನಮ್ಮ ಲಾರಿ ಡ್ರೈವರ್?" ಎಂದು ಅವಳ ಬೆನ್ನ ಹಿಂದೆ ಇಣುಕಿದ.

"ಮಗ ಇಲ್ಲ ಸಾರ್."

"ಬಂದಿಲ್ವಾ? ಹೋಗ್ಲಿ ಬಿಡಿ, ನಾಳೆ..."

"ಬಂದಿಲ್ಲ ಅಂತಲ್ಲ ಸಾರ್. ಮಗ... ಇಲ್ಲ."

ಚಿಪ್ ಮಾವನ ಮುಖದ ಬಣ್ಣ ಇಳಿಯಿತು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಸದ್ದಾಗದಂತೆ ಕೆಳಗಿಟ್ಟ. "ಅಯ್ಯೋ... ಯಾವಾಗ ತಾಯಿ? ಏನಾಯ್ತು? ಹೋದ ವಾರ ಚೆನ್ನಾಗಿದ್ನಲ್ಲ!" ಎನ್ನುತ್ತ ಅವಳನ್ನು ಕೂರಿಸಲು ಸ್ಟೂಲು ಎಳೆದ, ನೀರಿನ ಬಾಟಲಿಗೆ ತಡಕಾಡಿದ. ಅವನ ಕಣ್ಣು ಆಗಲೇ ತುಂಬಿಬಿಟ್ಟಿತ್ತು.

"ಅಯ್ಯಯ್ಯೋ, ಹಾಗಲ್ಲ ಸಾರ್! ಸತ್ತಿಲ್ಲ. ಹುಟ್ಟೇ ಇಲ್ಲ!"

ಪಕ್ಕದ ಅಂಗಡಿಯವನು ತಲೆ ಎತ್ತಿ ನೋಡಿದ. ಅವಳು ದನಿ ತಗ್ಗಿಸಿದಳು.

"ನನಗೆ ಮದುವೆ ಆಗಿಲ್ಲ. ಕಂಪ್ಯೂಟರ್ ನನಗೇ. ಮೊದಲ ದಿನ ನೀವು ಕೇಳಿದಾಗ ಹೂಂ ಅಂದುಬಿಟ್ಟೆ. ಆಮೇಲೆ ಹೇಗೆ ಬಿಡಿಸ್ಕೊಳ್ಳೋದು ಅಂತ ಗೊತ್ತಾಗ್ಲಿಲ್ಲ. ಕಾರ್ಡಿನಲ್ಲಿ ನೀವು ಬಿಟ್ಟ ಲಾಭಾನೂ ಕೊಡ್ತೀನಿ."

ಅವಳಿಗೆಂದು ಎಳೆದ ಸ್ಟೂಲಿನ ಮೇಲೆ ಚಿಪ್ ಮಾವನೇ ಕೂತ. ಹೊರಗೆ ಯಾರೋ ಕೇಬಲ್ ಇದೆಯಾ ಎಂದು ಕೇಳಿದರು. ಇಲ್ಲ ಎಂದು ಕೈಯಾಡಿಸಿದ. ಅವನ ತಲೆಯ ಹಿಂದೆಯೇ ಗೊಂಚಲು ಗೊಂಚಲು ಕೇಬಲ್ ನೇತಾಡುತ್ತಿತ್ತು.

"ದುಡ್ಡಿನ ಮಾತಲ್ಲ," ಎಂದ ಕೊನೆಗೆ. "ನಮ್ಮ ಮನೆಯವಳು ದಿನಾ ಕೇಳ್ತಾಳೆ. ಆ ಹುಡುಗನ ಮಿಷನ್ ಎಲ್ಲಿಗೆ ಬಂತು ಅಂತ. ಊಟಕ್ಕೆ ಕೂತ್ರೆ ಅವನದೇ ಮಾತು. ಇವತ್ತು ಅವನು ಬರ್ತಾನೆ ಅಂತ ಬೆಳಿಗ್ಗೆ ಈ ಷರ್ಟು ಅವಳೇ ತೆಗೆದುಕೊಟ್ಳು." ತನ್ನ ಷರ್ಟಿನ ಇಸ್ತ್ರಿಯನ್ನು ಒಮ್ಮೆ ನೋಡಿಕೊಂಡ. "ಈಗ ಅವಳಿಗೆ ಏನು ಹೇಳ್ಲಿ?"

ಅವಳು ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಹೋಗು ಎಂದರೆ ಹೋಗಿಬಿಡಬೇಕು ಎಂದುಕೊಂಡಳು.

"ಎಡಗೈ?" ಎಂದು ಕೇಳಿದ ಚಿಪ್ ಮಾವ.

"ಅದು ನಿಜ. ನಾನು ಎಡಚಿ."

"ಮಾತು ಕಮ್ಮಿ ಅಂದಿದ್ದು?"

"ಅದೂ ನಾನೇ."

"ಲಾರಿ?"

"ಹೂಂ."

ಚಿಪ್ ಮಾವ ಎದ್ದು, ಇನ್ನೊಂದು ಸ್ಟೂಲನ್ನು ಕೌಂಟರಿನ ಒಳಬದಿಗೆ ಸರಿಸಿದ. "ಕೂತ್ಕೊಳ್ಳಿ. ಯಾರ ಕಂಪ್ಯೂಟರೋ ಅವರೇ ಜೋಡಿಸ್ಬೇಕು."

ಅವಳ ಕೈಗೆ ಸಣ್ಣ ಕೆಲಸ ಹೊಸದಲ್ಲ. ಪ್ರೊಸೆಸರಿನ ಮೂಲೆಯ ಗುರುತನ್ನು ಹೊಂದಿಸಿ, ಉಸಿರು ಹಿಡಿದು, ಬೆರಳ ತುದಿಯಿಂದ ಇಳಿಸಿದಳು. ಆದರೆ ಮೆಮರಿ ಪಟ್ಟಿಯನ್ನು ಒತ್ತುವಾಗ ಹೆದರಿದಳು. ಕೆಲಸದಲ್ಲಿ ಹಾಗೆ ಒತ್ತಿದರೆ ಗಾಜು ಎರಡು ಹೋಳಾಗುತ್ತದೆ.

"ಒತ್ತಿ, ಒತ್ತಿ. ಮುರಿಯಲ್ಲ. ಇನ್ನೂ ಜೋರಾಗಿ," ಎಂದ ಚಿಪ್ ಮಾವ. ಟಕ್ ಎಂದಿತು.

ಅವನು ಎಲ್ಲವನ್ನೂ ಹೇಳಿಕೊಟ್ಟ, ಯಾವುದನ್ನೂ ಅವಸರ ಮಾಡಲಿಲ್ಲ. ಆದರೆ ಎಂದಿನ ತಮಾಷೆ ಬರಲಿಲ್ಲ. ಹೋದ ವಾರದವರೆಗೆ ಇಬ್ಬರೂ ಸೇರಿ ಒಬ್ಬ ಹುಡುಗನ ಬಗ್ಗೆ ಮಾತಾಡುತ್ತಿದ್ದರು. ಈಗ ಆ ಹುಡುಗ ನಡುವಿನಿಂದ ಎದ್ದು ಹೋಗಿದ್ದ; ತಮ್ಮಿಬ್ಬರಿಗೇ ಬೇರೆ ಏನು ಮಾತಿದೆ ಎಂದು ಇಬ್ಬರಿಗೂ ತಿಳಿಯಲಿಲ್ಲ. ಲಾರಿಯ ಆಟವನ್ನೂ ಚಿಪ್ ಮಾವನೇ ಹಾಕಿಕೊಟ್ಟು, ಬಾಡಿಗೆ ಕಾರಿನವರೆಗೆ ಮಾನಿಟರ್ ಹೊತ್ತು ತಂದು, ಹಿಂದಿನ ಸೀಟಿನಲ್ಲಿ ಕೂರಿಸಿದ.

"ಏನಾದ್ರೂ ತೊಂದರೆ ಆದ್ರೆ ಫೋನ್ ಮಾಡಿ," ಎಂದ. ಬಾಗಿಲು ಹಾಕುವ ಮುನ್ನ ಬಗ್ಗಿ, "ಮನೇಲಿ ಏನೋ ಒಂದು ಹೇಳ್ಕೊಳ್ತೀನಿ ಬಿಡಿ," ಎಂದು ಸೇರಿಸಿದ.

ಮರುದಿನ ಭಾನುವಾರ. ಅಮ್ಮನ ಕೋಣೆಯ ಕಿಟಕಿ ತೆರೆದು, ನೆಲ ಒರೆಸಿ, ಅಡುಗೆಮನೆಯ ಮೇಜನ್ನು ಅಲ್ಲಿಗೆ ಎಳೆದು ತಂದಳು. ಮಂಚದ ಕಾಲುಗಳು ಊರಿದ್ದ ಕಡೆ ನೆಲದಲ್ಲಿ ನಾಲ್ಕು ಗುಳಿಗಳಿದ್ದವು. ಮೇಜನ್ನು ಅವುಗಳಿಗೆ ತಾಗದಂತೆ ಸ್ವಲ್ಪ ಓರೆಯಾಗಿ ಇಟ್ಟಳು. ವಯರುಗಳನ್ನು ಚಿಪ್ ಮಾವ ಹೇಳಿದ ಹಾಗೆಯೇ ಸಿಕ್ಕಿಸಿದಳು. ಗುಂಡಿ ಒತ್ತಿದಳು.

ಎಲ್ಲವೂ ಸರಿಯಾಗಿತ್ತು. ಫ್ಯಾನು ಮೆಲ್ಲಗೆ ಸುತ್ತಿತು, ಪರದೆ ಬೆಳಗಿತು, ಶಬ್ದ ಬಂತು, ಎಡಗೈ ಮೌಸ್ ಹೇಳಿದ ಮಾತು ಕೇಳಿತು. ಫೋನ್ ಮಾಡಲು ಒಂದು ಕಾರಣವೂ ಸಿಗಲಿಲ್ಲ. ಶಬ್ದ ಬರುತ್ತಿಲ್ಲ ಎನ್ನಬಹುದಿತ್ತು. ಫೋನನ್ನು ಕೈಗೆ ತೆಗೆದುಕೊಂಡಳು ಕೂಡ. ಚಿಪ್ ಮಾವನ ಹೆಸರಿನವರೆಗೆ ಹೋಗಿ, ಹಾಗೇ ಬೋರಲಾಗಿ ಮೇಜಿನ ಮೇಲಿಟ್ಟಳು.

ಆಟದೊಳಗೆ ಬೆಳಗಿನ ಹೊತ್ತು. ಗೋದಾಮಿನ ಗೇಟಿನಿಂದ ಹೊರಬರುವುದೇ ಅವಳಿಗೆ ದೊಡ್ಡ ಸಾಹಸವಾಯಿತು. ಎರಡು ಸಲ ಕಂಬಕ್ಕೆ ಗುದ್ದಿದಳು. ಮೂರನೆಯ ಸಲ ಲಾರಿ ದಾರಿಗೆ ಬಿತ್ತು. ರಸ್ತೆಯ ಎರಡೂ ಬದಿಗೆ ಹೊಲಗಳಿದ್ದವು, ದೂರದಲ್ಲಿ ಒಂದು ನೀರಿನ ಟ್ಯಾಂಕು, ಅದರಾಚೆ ಗುಡ್ಡಗಳ ಸಾಲು. ಅವಳು ನಿಧಾನವಾಗಿಯೇ ಹೋದಳು. ಸ್ವಲ್ಪ ದೂರದಲ್ಲಿ ರಸ್ತೆ ಎರಡಾಗಿ ಒಡೆಯಿತು. ಪಕ್ಕದ ಕನ್ನಡಿ ನೋಡಿದಳು. ಹಿಂದೆ ರಸ್ತೆ ಖಾಲಿಯಿತ್ತು, ಕಣ್ಣು ಹೋದಷ್ಟು ದೂರ ಒಂದು ಗಾಡಿಯೂ ಇರಲಿಲ್ಲ.

ಆದರೂ ಅವಳು ಎಡಕ್ಕೆ ಇಂಡಿಕೇಟರ್ ಹಾಕಿದಳು. ಟಿಕ್ ಟಿಕ್ ಎಂಬ ಅದರ ಸದ್ದು ಕೋಣೆಯಲ್ಲಿ ಕೇಳುತ್ತಿದ್ದಂತೆ, ತಿರುವಿನ ಕಡೆಗೆ ವೇಗ ತಗ್ಗಿಸಿದಳು.