ಕರೆಯದೆ ಬಿಟ್ಟ ಗಾಸಿಪ್

ಬೆಳಕು ಹರಿಯುವ ಮೊದಲೇ ರಾಫ್ ಮನೆಮನೆಯ ಬಾಗಿಲು ತಟ್ಟಿದ. ಹೆಂಡತಿ ಅವಿಸ್‌ಗೆ ನೋವು ಶುರುವಾಗಿತ್ತು. ಡೆವನ್ ಸೀಮೆಯ ಆ ಹಳ್ಳಿಯಲ್ಲಿ ಹೆರಿಗೆಗೆ ಗಾಸಿಪ್‌ಗಳನ್ನು ಕರೆದು ತರುವುದು ಗಂಡನದೇ ಕೆಲಸ. ಹೆರಿಗೆ ಕೋಣೆಯಲ್ಲಿ ಕೂಡುವ ಗೆಳತಿಯರೆಲ್ಲ ಗಾಸಿಪ್‌ಗಳೇ ಅನ್ನಿ. ಆದರೂ ಆ ಹೆಸರು ಮೊದಲು ಸಲ್ಲುವುದು ಚರ್ಚಿನಲ್ಲಿ ಹೆಸರಿಡುವಾಗ ಮಗುವನ್ನು ಎತ್ತಿಕೊಳ್ಳುವ ಜ್ಞಾನತಾಯಿಗೆ. ದೇವರ ಮುಂದೆ ಆದ ನಂಟು ಎಂದು ಅದರ ಅರ್ಥ. ಒಡಹುಟ್ಟಿದವರಿಗಿಂತ ಒಂದು ಕೈ ಮೇಲು.

ಥಾಮಸಿನ್ ಒಗೆದ ಟೊಪ್ಪಿಗೆ ತೊಟ್ಟು ಬಾಗಿಲ ಹಿಂದೆಯೇ ಕಾಯುತ್ತಿದ್ದಳು. ತೊಟ್ಟಿಲು ಕಾಣದ ಮನೆ ಅವಳದು. ಅವಿಸ್ ಬಾಲ್ಯದ ಗೆಳತಿ. ಚರ್ಚಿನಲ್ಲಿ ಈ ಮಗುವನ್ನು ತಾನೇ ಎತ್ತಿಕೊಳ್ಳಬೇಕು, ವಾಡಿಕೆಯಂತೆ ತನ್ನ ಹೆಸರನ್ನೇ ಅದಕ್ಕೆ ಇಡಬೇಕು, ಬೇರೇನೂ ಬೇಕಿರಲಿಲ್ಲ. ರಾಫ್ ಅವಳ ಬಾಗಿಲು ದಾಟಿಕೊಂಡು ಹೋಗಿ ಗಿರಣಿಯವನ ಹೆಂಡತಿ ಪೆಟ್ರನೆಲ್‌ಳನ್ನು ಕರೆದ.

ಮೊನ್ನೆ ಮೊನ್ನೆ ಊರಿಗೆ ಬಂದವಳು, ಕಸೂತಿ ಕಾಲರಿನ ಬಿಂಕದವಳು! ಅವಳಿಗೆ ಮಂಚದ ಪಕ್ಕದ ಜಾಗ, ತನಗೆ ಹೊಸ್ತಿಲು! ಥಾಮಸಿನ್ ಟೊಪ್ಪಿಗೆ ಕಿತ್ತೆಸೆದು, ಹಿಟ್ಟಿನ ಬುಟ್ಟಿ ಹೊತ್ತು ಊರ ರೊಟ್ಟಿಭಟ್ಟಿಗೆ ನಡೆದಳು.

ಅಲ್ಲಿ ಹೆರಿಗೆಯದೇ ಮಾತು. ಹಿಟ್ಟು ನಾದುತ್ತ ಅವಳೂ ಒಂದು ಸೇರಿಸಿದಳು.

"ರಾಫ್ ಕುರಿ ಹೊಡ್ಕೊಂಡು ಗುಡ್ಡಕ್ಕೆ ಹೋದಾಗ ಆ ಬಟ್ಟೆ ಮಾರೋನು ಅವರ ಮನೇಲೇ ತಾನೆ ಉಳ್ಕೊಂಡಿದ್ದು? ನಾನೇನೂ ಹೇಳ್ತಿಲ್ಲಮ್ಮ. ಮಗು ಯಾರ ಹಾಗಿರುತ್ತೋ ನೋಡೋಣ."

ನಾದುತ್ತಿದ್ದ ಕೈಗಳೆಲ್ಲ ನಿಂತವು. ಗಾಸಿಪ್ ಎಂದರೆ ಬೆನ್ನ ಹಿಂದೆ ಆಡುವ ಮಾತು ಎಂಬ ಈಗಿನ ಅರ್ಥ ಎಲ್ಲಿಂದ ಬಂತೆಂದು ಪಂಡಿತರು ಏನು ಬೇಕಾದರೂ ಹೇಳಲಿ. ಆ ಊರಿಗೆ ಅದು ಬಂದದ್ದು ಭಟ್ಟಿಯ ಬಳಿಯಿಂದ.

ಸಂಜೆ ರಾಫ್ ಬಂದ. ಹೆಣ್ಣು ಮಗು ಎಂದ. ಆಮೇಲೆ ರೇಗಿದ.

"ಎಲ್ಲಿ ಹಾಳಾಗಿ ಹೋಗಿದ್ದೆ? ದಿನವೆಲ್ಲ ನಿನ್ನ ಹೆಸರೇ ಕೂಗ್ತಿದ್ಲು. ತಲೆ ಹತ್ರದ ಪೀಠದಲ್ಲಿ ಬೇರೆ ಯಾರನ್ನೂ ಕೂರೋಕೆ ಬಿಡಲಿಲ್ಲ."

"ನೀನು ನನ್ನ ಕರೀಲಿಲ್ಲ."

"ನಿನ್ನನ್ನೂ ಕರೀಬೇಕಾ? 'ಹೊರಗಿನೋರನ್ನ ಕರೆದು ಬಾ, ಥಾಮಸಿನ್ ನಮ್ಮನೆಯವಳೇ, ತಾನೇ ಬರ್ತಾಳೆ' ಅಂದಿದ್ಲು ಅವಿಸ್. ಭಾನುವಾರ ಮಗೂನ ನೀನೇ ಎತ್ಕೋಬೇಕಂತೆ. ನಿನ್ನ ಹೆಸರೇ ಇಡ್ಬೇಕಂತೆ."

ಅವಳು ಭಟ್ಟಿಯ ಬಳಿ ಆಡಿದ ಮಾತು ಆಗಲೇ ಬಿಸಿ ರೊಟ್ಟಿಯ ಜೊತೆ ಎಲ್ಲರ ಮನೆ ಸೇರಿತ್ತು.

ಭಾನುವಾರ ಪಾದ್ರಿ ಹೆಸರು ಕೇಳಿದರು. "ಥಾಮಸಿನ್" ಎಂದಳು, ಮಗುವನ್ನು ಎದೆಗೊತ್ತಿಕೊಂಡು. ಹಿಂದಿನ ಸಾಲಿನಲ್ಲಿ ಭಟ್ಟಿಯ ಹೆಂಗಸರು ಪಿಸುಗುಟ್ಟಿದರು: "ಥಾಮಸಿನ್ ಅಂತೆ. ಯಾರಿಗೆ ಹುಟ್ಟಿದ್ದೋ, ಪಾಪ."

ಬಾಣಂತಿ ಚರ್ಚಿಗೆ ಬರುವಂತಿರಲಿಲ್ಲ. ಮಗುವನ್ನು ಮನೆಗೆ ತಂದಾಗ ಅವಿಸ್ ಮಂಚದಿಂದಲೇ ಎರಡೂ ಕೈ ಚಾಚಿದಳು.

"ಹೆಸರು ಕೇಳಿ ಜನ ಏನಂದ್ರೇ, ಗಾಸಿಪ್?"